ಶತ್ರು ಗೊತ್ತು, ಏಟು ಸಾಲದು

ಸ್ತನ ಕ್ಯಾನ್ಸರ್ ಬಂದಾಗ ನಮ್ಮ ರೋಗನಿರೋಧಕ ಶಕ್ತಿ ನಿದ್ದೆ ಮಾಡ್ತಿರುತ್ತಾ? ಇಲ್ಲ. ಕೆಲವು ಸ್ತನ ಗಡ್ಡೆಗಳಲ್ಲಿ ಹರ್-2 ಎಂಬ ಪ್ರೋಟೀನ್ ವಿಪರೀತವಾಗಿರುತ್ತದೆ. ಯಾವ ಲಸಿಕೆಯೂ ಇಲ್ಲದೆ ಕೆಲವು ರೋಗಿಗಳ ದೇಹ ಅದರ ವಿರುದ್ಧ ತಾನಾಗಿಯೇ ಪ್ರತಿಕಾಯ ತಯಾರಿಸಿದ್ದನ್ನು 1994ರಲ್ಲಿ ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದರು.

ಹಾಗಾದ್ರೆ ಗಡ್ಡೆ ಕರಗಬೇಕಿತ್ತಲ್ವಾ? ಸಾಮಾನ್ಯವಾಗಿ ಕರಗಲ್ಲ. ಹರ್-2 ಹೊರಗಿನ ವೈರಾಣುವಲ್ಲ, ಆರೋಗ್ಯವಂತ ಕೋಶದಲ್ಲೂ ಇರುವ ನಮ್ಮದೇ ಪ್ರೋಟೀನ್. ಮನೆಯವರ ಮೇಲೆ ಕಾವಲುಗಾರ ಪೂರ್ತಿ ಕೈ ಎತ್ತಲ್ಲ. ಅದಕ್ಕೇ ಹೊರಗಿನ ನೆರವು ಬೇಕು. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟ್ರಾಸ್ಟುಜುಮಾಬ್ ಅಂಥದ್ದು: ಲ್ಯಾಬ್‌ನಲ್ಲಿ ತಯಾರಾದ ಪ್ರತಿಕಾಯ.

ಇಮ್ಯೂನಿಟಿ ಹೆಚ್ಚಿಸಿ ಗಡ್ಡೆ ಕರಗಿಸ್ತೀವಿ ಅನ್ನೋ ಪುಡಿ, ಕಷಾಯ ನಂಬಿ ತಿಂಗಳು ಕಳೆಯಬೇಡಿ. ಗಂಟು ಕೈಗೆ ಸಿಕ್ಕರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ.