ಕಿವಿಯೋಲೆ ಮತ್ತು ದನದ ದಾಖಲೆ
(ರೈತರಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ದನವಿಲ್ಲದ ಒಕ್ಕಲುತನವನ್ನು ನೆನೆಯುವುದು ಕಷ್ಟ. ಟ್ರ್ಯಾಕ್ಟರು ಬಂದಿರುವುದು ನಿಜ. ಆದರೂ ಕೂರಿಗೆ ಭತ್ತದ ಸಾಲುಗಳ ನಡುವೆ ಎಡೆಕುಂಟೆ ಹೊಡೆಯಲು ಎತ್ತು ಬೇಕು. ಗದ್ದೆಗೆ ತಿಪ್ಪೆಗೊಬ್ಬರ ಬೇಕು. ಡೇರಿಗೆ ಹಾಕುವ ಹಾಲಿನ ಹಣವೇ ಎಷ್ಟೋ ಮನೆಗಳ ವಾರದ ಸಂತೆಯ ಖರ್ಚನ್ನು ನಡೆಸುತ್ತದೆ. ಇಷ್ಟು ಬೆಲೆಯುಳ್ಳ ಆಸ್ತಿಗೆ ದಾಖಲೆ ಮಾತ್ರ ಇರುವುದಿಲ್ಲ. ಹೊಲಕ್ಕೆ ಪಹಣಿ ಇದೆ, ಮನೆಗೆ ಉತಾರ ಇದೆ. ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತಿಗೆ ಏನಿದೆ?

ಹಿಂದಿನ ಕಾಲದಲ್ಲಿ ಗುರುತು ಇರಲಿಲ್ಲವೆಂದಲ್ಲ. ಬಣ್ಣ, ಕೋಡಿನ ತಿರುವು, ಮೈಮೇಲಿನ ಸುಳಿ, ಹಾಕಿದ ಬರೆ, ಇವುಗಳಿಂದ ಊರಿನವರೆಲ್ಲ ಯಾರ ದನ ಯಾವುದೆಂದು ಹೇಳುತ್ತಿದ್ದರು. ದನ ಹುಟ್ಟಿದ ಊರಿನಲ್ಲಿಯೇ ಇದ್ದಾಗ ಅಷ್ಟು ಸಾಕಾಗಿತ್ತು. ಇಂದು ಹಾವೇರಿ ಕಡೆಯ ಪೇಟೆಯಲ್ಲಿ ಬೆಳಿಗ್ಗೆ ಕೊಂಡ ಎತ್ತು ಸಂಜೆಗೆ ಹಳಿಯಾಳದ ಕೊಟ್ಟಿಗೆಯಲ್ಲಿರುತ್ತದೆ. ಸುಳಿಯನ್ನು ಬಲ್ಲವರು ಹಿಂದೆಯೇ ಉಳಿದರು; ಎತ್ತು ಮಾತ್ರ ಮುಂದೆ ಬಂದಿತು. ಅದರೊಡನೆ ರೋಗವೂ ಬರಬಹುದು.

ರೋಗ ನಡೆದು ಬರುವ ದಾರಿ

ಒಂದು ಉದಾಹರಣೆಯನ್ನು ನೋಡೋಣ. ಮುಂಗಾರಿಗೆ ಮುಂಚೆ ರೈತನೊಬ್ಬನು ಸಂತೆಯಲ್ಲಿ ಒಂದು ಎತ್ತು ಕೊಂಡು ತಂದು, ಮನೆಯ ಹಳೆಯ ಎತ್ತಿನ ಜೊತೆಗೆ ಒಂದೇ ಗೋದಲಿಗೆ ಕಟ್ಟುತ್ತಾನೆ ಎನ್ನೋಣ. ಐದಾರು ದಿನಗಳಲ್ಲಿ ಹೊಸ ಎತ್ತಿನ ಬಾಯಿಂದ ಜೊಲ್ಲು ಸುರಿಯುತ್ತದೆ, ಕಾಲು ಕುಂಟುತ್ತದೆ. ಮುಂದಿನ ವಾರ ಹಳೆಯ ಎತ್ತಿಗೂ ಅದೇ, ನೆರೆಯವರ ಎಮ್ಮೆಗೂ ಅದೇ. ಅದು ಕಾಲುಬಾಯಿ ಬೇನೆ. ಸೋಂಕು ತಗಲಿದ ಮೇಲೆ ಲಕ್ಷಣ ಕಾಣಿಸಲು 2ರಿಂದ 14 ದಿನ ಹಿಡಿಯುತ್ತದೆ. ಆದುದರಿಂದ ಕೊಳ್ಳುವಾಗ ಎತ್ತು ಚೆನ್ನಾಗಿಯೇ ಕಂಡಿರುತ್ತದೆ. ಇದರಲ್ಲಿ ಕೊಂಡವನ ತಪ್ಪಿಲ್ಲ. ಆದರೆ ಬಿತ್ತನೆಯ ಹದ ಎತ್ತು ಗುಣವಾಗುವವರೆಗೆ ಕಾಯುವುದಿಲ್ಲ. ಬೇನೆಯಿಂದ ಎತ್ತು ಸಾಯದಿದ್ದರೂ ಆ ವರ್ಷದ ಬೆಳೆ ಹಿಂದೆ ಬೀಳುತ್ತದೆ.

ಈಗ ಪಶುವೈದ್ಯರು ಬಂದು ಕೇಳುತ್ತಾರೆ: ಈ ಎತ್ತು ಯಾವ ಊರಿನದು? ಯಾರಿಂದ ಕೊಂಡದ್ದು? ಲಸಿಕೆ ಆಗಿತ್ತೆ? ಅದೇ ದಿನ ಅದೇ ಗಾಡಿಯಲ್ಲಿ ಬಂದ ಬೇರೆ ದನಗಳು ಎಲ್ಲಿಗೆ ಹೋದವು? ರೈತನಿಗೆ ತಿಳಿದಿರುವುದು ದಲ್ಲಾಳಿಯ ಮುಖ ಮಾತ್ರ. ಉತ್ತರ ಸಿಗದಿದ್ದಲ್ಲಿ ರೋಗ ಇನ್ನೂ ಹತ್ತು ಊರುಗಳಿಗೆ ಸದ್ದಿಲ್ಲದೆ ಹೋಗಿರುತ್ತದೆ. ದನದ ಗುರುತು ಮತ್ತು ಓಡಾಟದ ದಾಖಲೆ ಬೇಕೆನ್ನುವುದು ಇದಕ್ಕಾಗಿಯೇ.

2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಹಾವೇರಿ ಜಿಲ್ಲೆಯಲ್ಲಿ ಬಹಳ ದನಗಳು ಬಾಧೆಗೊಂಡವು. ರಾಜ್ಯದಲ್ಲಿ ಜಾನುವಾರು ಸಂತೆ, ಜಾತ್ರೆಗಳನ್ನು ನಿಲ್ಲಿಸಬೇಕಾಯಿತು. ಮುಂಡಗೋಡ ತಾಲ್ಲೂಕು ಆ ಜಿಲ್ಲೆಗೆ ಹತ್ತಿಕೊಂಡೇ ಇದೆ. ರೋಗಕ್ಕೆ ತಾಲ್ಲೂಕಿನ ಗಡಿ ಕಾಣುವುದಿಲ್ಲ.

ಹನ್ನೆರಡು ಅಂಕೆಯ ಓಲೆ

ಕಾಲುಬಾಯಿ ಬೇನೆ ಮತ್ತು ಕಂದು ರೋಗಗಳನ್ನು ತಡೆಯುವ ರಾಷ್ಟ್ರೀಯ ಕಾರ್ಯಕ್ರಮವು 2019ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಇದರಲ್ಲಿ ದನಕ್ಕೆ ಲಸಿಕೆ ಹಾಕುವುದರ ಜೊತೆಗೆ ಕಿವಿಗೆ 12 ಅಂಕೆಗಳ ಹಳದಿ ಓಲೆಯನ್ನು ಹಾಕುವ ಕ್ರಮ ಬಂದಿತು. ಒಂದು ಓಲೆಯ ಸಂಖ್ಯೆ ದೇಶದಲ್ಲಿ ಮತ್ತೊಂದು ದನಕ್ಕೆ ಇರುವುದಿಲ್ಲ. ಈ ಸಂಖ್ಯೆಯ ಕೆಳಗೆ ಮಾಲೀಕನ ಹೆಸರು, ಊರು, ದನದ ತಳಿ, ವಯಸ್ಸು, ಹಾಕಿದ ಲಸಿಕೆ, ಕೃತಕ ಗರ್ಭಧಾರಣೆ, ಚಿಕಿತ್ಸೆ ಇವೆಲ್ಲವನ್ನೂ ಗಣಕದಲ್ಲಿ ಬರೆದಿಡಲಾಗುತ್ತದೆ. ಈ ದಾಖಲೆ ಈಗ ಭಾರತ್ ಪಶುಧನ್ ಎಂಬ ವ್ಯವಸ್ಥೆಯಲ್ಲಿದೆ.

ಓಲೆ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯದು. ದನ ಮಾರಿದಾಗ ಮಾಲೀಕನ ಹೆಸರು ಬದಲಾಗಬೇಕು. ದನ ಸತ್ತರೆ ಅದನ್ನು ದಾಖಲಿಸಬೇಕು. ಓಲೆ ಕಳಚಿ ಬಿದ್ದರೆ ಹೊಸ ಓಲೆ ಹಾಕಿಸಿ, ಹಳೆಯ ಸಂಖ್ಯೆಗೆ ಹೊಸ ಸಂಖ್ಯೆಯನ್ನು ಜೋಡಿಸಬೇಕು. ಇವಕ್ಕೆಲ್ಲ ವ್ಯವಸ್ಥೆಯಲ್ಲಿ ಅವಕಾಶವಿದೆ. ಆದರೆ ರೈತನು ಪಶುವೈದ್ಯ ಸಂಸ್ಥೆಗೆ ತಿಳಿಸದ ಹೊರತು ಗಣಕಕ್ಕೆ ತಾನಾಗಿ ತಿಳಿಯುವುದಿಲ್ಲ. ತಿಳಿಸದಿದ್ದರೆ ಹಾವೇರಿಯ ದನ ಕಾಗದದ ಮೇಲೆ ಹಾವೇರಿಯಲ್ಲಿಯೇ ಉಳಿಯುತ್ತದೆ, ಮೇಯುವುದು ಮಾತ್ರ ಹಳಿಯಾಳದಲ್ಲಿ.

ಕಾನೂನು ಏನು ಹೇಳುತ್ತದೆ?

ಪ್ರಾಣಿಗಳಲ್ಲಿ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕಾಗಿ 2009ರಲ್ಲಿ ಕೇಂದ್ರ ಕಾಯಿದೆಯೊಂದು ಬಂದಿದೆ. ಪಟ್ಟಿಯಲ್ಲಿರುವ ರೋಗದ ಸಂಶಯ ಬಂದರೆ ಮಾಲೀಕನು ಗ್ರಾಮದ ಅಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸತಕ್ಕದ್ದು. ರೋಗಿ ದನವನ್ನು ಬೇರೆ ಕಟ್ಟತಕ್ಕದ್ದು. ಸರ್ಕಾರವು ಒಂದು ಪ್ರದೇಶವನ್ನು ನಿಯಂತ್ರಿತ ಪ್ರದೇಶವೆಂದು ಸಾರಿದರೆ ಅಲ್ಲಿ ಲಸಿಕೆ ಕಡ್ಡಾಯ, ದನದ ಓಡಾಟಕ್ಕೆ ನಿರ್ಬಂಧ, ಸಂತೆ ಜಾತ್ರೆಗಳಿಗೂ ತಡೆ. ಲಸಿಕೆ ಹಾಕಿದ ದನಕ್ಕೆ ಬರೆ, ಹಚ್ಚೆ ಅಥವಾ ಕಿವಿಯೋಲೆಯ ಗುರುತು ಹಾಕಿ ಪ್ರಮಾಣಪತ್ರ ಕೊಡಬೇಕೆಂದೂ, ಆ ಗುರುತನ್ನು ತೆಗೆಯಬಾರದೆಂದೂ ಕಾಯಿದೆ ಹೇಳುತ್ತದೆ.

ಸಾಗಾಟಕ್ಕೆ 1978ರ ನಿಯಮಗಳಿವೆ. ದನ ಪ್ರಯಾಣಕ್ಕೆ ಯೋಗ್ಯವಾಗಿದೆ, ಸಾಂಕ್ರಾಮಿಕ ರೋಗವಿಲ್ಲ ಎಂಬ ಪಶುವೈದ್ಯರ ಪತ್ರ ಜೊತೆಗಿರಬೇಕು. ಸರಕು ಗಾಡಿಯಲ್ಲಿ 6ಕ್ಕಿಂತ ಹೆಚ್ಚು ದನ ಸಲ್ಲದು. ಅವುಗಳ ಮುಖ ಎಂಜಿನಿನ ಕಡೆಗಿರುವುದು ಲೇಸು. ಜೊತೆಗೆ ಒಬ್ಬ ಆಳು ಇರಬೇಕು. ನಡೆಸಿಕೊಂಡು ಹೋಗುವುದಕ್ಕೆ 2001ರ ನಿಯಮಗಳಿವೆ. 5 ಕಿಲೋಮೀಟರ್ ಅಥವಾ ಅದಕ್ಕಿಂತ ಹೆಚ್ಚಿನ ದೂರಕ್ಕೆ ಇವು ಅನ್ವಯಿಸುತ್ತವೆ. ದಿನಕ್ಕೆ ಹಸುವನ್ನು 30, ಎಮ್ಮೆಯನ್ನು 25, ಕರುವನ್ನು 16 ಕಿಲೋಮೀಟರಿಗಿಂತ ಹೆಚ್ಚು ನಡೆಸಬಾರದು. ಸೂರ್ಯೋದಯಕ್ಕೆ ಮೊದಲು, ಸೂರ್ಯಾಸ್ತದ ನಂತರ ನಡೆಸಬಾರದು. ಕರು ಹಾಕಿ 72 ಗಂಟೆಯಾಗದ ಹಸುವನ್ನು ಹೊರಡಿಸಬಾರದು.

ಇದಲ್ಲದೆ ಕರ್ನಾಟಕದ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯಿದೆ, 2020ರ ಪ್ರಕಾರ, ಒಕ್ಕಲುತನ ಅಥವಾ ಪಶುಪಾಲನೆಯ ನಿಜವಾದ ಉದ್ದೇಶಕ್ಕೆ ದನ ಸಾಗಿಸಬಹುದಾದರೂ ಅದು ನಿಯಮದ ರೀತಿಯಲ್ಲಿಯೇ ಆಗಬೇಕು. ಉಳಲು ಎತ್ತು ಕೊಂಡು ಬರುವ ರೈತನು ದಾರಿಯಲ್ಲಿ ತಡೆದು ಕೇಳಿದಾಗ ಬಾಯಿಮಾತಿನಿಂದ ಪಾರಾಗಲಾರನು. ಕೊಂಡ ಚೀಟಿ, ಓಲೆಯ ಸಂಖ್ಯೆ, ಪಶುವೈದ್ಯರ ಪತ್ರ ಕೈಯಲ್ಲಿದ್ದರೆ ಅವನ ಮಾತಿಗೆ ಆಧಾರವಿರುತ್ತದೆ. ಹೊರಡುವ ಮುನ್ನ ಯಾವ ಪತ್ರ ಬೇಕೆಂದು ಪಶು ಆಸ್ಪತ್ರೆಯಲ್ಲಿ ಕೇಳಿಕೊಳ್ಳುವುದು ಲೇಸು. ರಾಮನಗರ, ಅನಮೋಡ ದಾರಿಯಾಗಿ ಗೋವಾ ಕಡೆಗೆ ಸಾಗುವ ದನದ ವಿಷಯದಲ್ಲಿ ರಾಜ್ಯದ ಗಡಿ ದಾಟುವುದರಿಂದ ಇನ್ನೂ ಎಚ್ಚರ ಬೇಕು.

ಹೊರದೇಶದ ಪಾಠ

ಬ್ರಿಟನ್ನಿನಲ್ಲಿ ಹುಚ್ಚು ಹಸುವಿನ ರೋಗದ ತರುವಾಯ 1996ರಿಂದ ಪ್ರತಿ ದನಕ್ಕೂ ಒಂದು ರಹದಾರಿ ಪುಸ್ತಕ ಕಡ್ಡಾಯವಾಯಿತು. ದನ ಜಾಗ ಬದಲಿಸಿದರೆ ಅದನ್ನು ವರದಿ ಮಾಡಬೇಕು. ಆದರೆ ಕುರಿಗಳಿಗೆ ಹೀಗೆ ಒಂದೊಂದಕ್ಕೂ ಗುರುತು ಇರಲಿಲ್ಲ; ಅವು ಹಿಂಡುಹಿಂಡಾಗಿ ಸಂತೆಯಿಂದ ಸಂತೆಗೆ ಹೋಗುತ್ತಿದ್ದವು. 2001ರಲ್ಲಿ ಅಲ್ಲಿ ಕಾಲುಬಾಯಿ ಬೇನೆ ಬಂದಾಗ, ರೋಗ ಗೊತ್ತಾಗುವ ಹೊತ್ತಿಗೇ ಕುರಿಗಳ ಮೂಲಕ ಅದು ದೂರದೂರಕ್ಕೆ ಹಬ್ಬಿತ್ತು. ಕೊನೆಗೆ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಗುರುತಿಲ್ಲದ ಓಡಾಟದ ಬೆಲೆ ಎಷ್ಟೆಂಬುದಕ್ಕೆ ಇದೇ ಸಾಕ್ಷಿ.

ಭಾರತದ ಅನುಭವವೂ ಇದೆ. ರಿಂಡರ್‌ಪೆಸ್ಟ್ ಎಂಬ ದೊಡ್ಡರೋಗ ಒಂದು ಕಾಲಕ್ಕೆ ಊರಿಗೆ ಊರನ್ನೇ ಬರಿದು ಮಾಡುತ್ತಿತ್ತು. ಲಸಿಕೆ ಮತ್ತು ಕಾವಲಿನಿಂದ ಅದು 1995ರ ನಂತರ ದೇಶದಲ್ಲಿ ಕಾಣಲಿಲ್ಲ. 2011ರಲ್ಲಿ ಲೋಕದಿಂದಲೇ ಅಳಿದುಹೋಯಿತೆಂದು ಸಾರಲಾಯಿತು.

ಕಾಡಂಚಿನ ತೊಡಕು

ಜೋಯಿಡಾ, ಹಳಿಯಾಳ, ಮುಂಡಗೋಡಗಳ ಗೌಳಿ ಜನರ ಎಮ್ಮೆಗಳು ದಿನವೆಲ್ಲ ಕಾಡಿನಲ್ಲಿ ಮೇಯುತ್ತವೆ. ಮುಳ್ಳುಕಂಟಿಗೆ ಸಿಕ್ಕಿ ಓಲೆ ಹರಿಯುತ್ತದೆ, ಮಳೆಗಾಲದಲ್ಲಿ ಕಿವಿಯ ಗಾಯಕ್ಕೆ ಹುಳ ಬೀಳುತ್ತದೆ ಎಂಬ ದೂರು ಸುಳ್ಳಲ್ಲ. ಆದುದರಿಂದ ಓಲೆಯನ್ನು ಬೇಸಿಗೆಯಲ್ಲಿಯೇ, ಕಿವಿಯ ನಡುವೆ ಎರಡು ನರಗಳ ಮಧ್ಯದಲ್ಲಿ ಹಾಕಿಸಬೇಕು. ಉಪಕರಣ ಶುದ್ಧವಾಗಿರಬೇಕು, ಒಂದು ವಾರ ಔಷಧಿ ಹಚ್ಚಬೇಕು. ಕರುವಿನ ಕಿವಿ ಬೆಳೆಯುವುದರಿಂದ ಜಾಗ ಬಿಟ್ಟು ಹಾಕಬೇಕು.

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಹುಲಿ ಅಥವಾ ಚಿರತೆ ದನ ಹಿಡಿದರೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಬೇಕು, ಕಳೇಬರವನ್ನು ಕದಲಿಸಬಾರದು, ಪಶುವೈದ್ಯರ ವರದಿ ಮಾಡಿಸಬೇಕು. ಸತ್ತ ದನ ಇವನದೇ ಎಂದು ತೋರಿಸಲು ಓಲೆಗಿಂತ ಸುಲಭದ ಸಾಕ್ಷಿಯಿಲ್ಲ. ವಿಮೆಯ ಮಾತೂ ಇದೇ: ಓಲೆಯಿಲ್ಲದ ದನಕ್ಕೆ ಹಣ ಪಡೆಯುವುದು ಬಲು ಕಷ್ಟ.

ಧಾರವಾಡಿ ಎಮ್ಮೆಗೆ 2021ರಲ್ಲಿ ರಾಷ್ಟ್ರೀಯ ತಳಿಯ ಮಾನ್ಯತೆ ಸಿಕ್ಕಿದೆ. ಯಾವ ಎಮ್ಮೆಯ ಕರು ಎಷ್ಟು ಹಾಲು ಕೊಟ್ಟಿತೆಂಬ ದಾಖಲೆಯಿದ್ದರೆ ಮಾತ್ರ ಇಂಥ ಜವಾರಿ ತಳಿಗಳನ್ನು ಆರಿಸಿ ಬೆಳೆಸಲು ಸಾಧ್ಯ.

ರೈತನು ಮಾಡಬೇಕಾದುದು

1. ಮನೆಯಲ್ಲಿ ಒಂದು ನೋಟುಬುಕ್ಕು ಇಟ್ಟು, ಪ್ರತಿ ದನಕ್ಕೂ ಒಂದು ಪುಟ ಬಿಡುವುದು. ಓಲೆಯ ಸಂಖ್ಯೆ, ಹುಟ್ಟಿದ ಅಥವಾ ಕೊಂಡ ದಿನ, ಕೊಟ್ಟವನ ಹೆಸರು ಮತ್ತು ಊರು, ಲಸಿಕೆಯ ದಿನ, ಗಬ್ಬವಾದ ದಿನ, ಮಾರಿದ ದಿನ, ಇಷ್ಟು ಬರೆದರೆ ಸಾಕು. ಬರೆಯಲು ಬಾರದ ಮನೆಯಲ್ಲಿ ಶಾಲೆಗೆ ಹೋಗುವ ಮಗ ಅಥವಾ ಮಗಳು ಬರೆಯಬಹುದು.

2. ಓಲೆ ನೋಡಿ, ಸಂಖ್ಯೆ ಬರೆದುಕೊಂಡು, ನಂತರ ಹಣ ಎಣಿಸುವುದು. ದಲ್ಲಾಳಿಯ ಹೆಸರಲ್ಲ, ಮಾಲೀಕನ ಹೆಸರಿನ ಚೀಟಿ ಪಡೆಯುವುದು.

3. ಹೊಸ ದನವನ್ನು 21 ದಿನ ಬೇರೆ ಕಟ್ಟಿ, ನೀರು ಮೇವನ್ನೂ ಬೇರೆ ಕೊಡುವುದು. ಬಿತ್ತನೆಗೆ ಎತ್ತು ಬೇಕಾದವನು ಈ ದಿನಗಳನ್ನು ಲೆಕ್ಕ ಹಾಕಿ ಮುಂಚೆಯೇ ಕೊಳ್ಳುವುದು ಜಾಣತನ.

4. ಕಾಲುಬಾಯಿ ಲಸಿಕೆಯನ್ನು ವರ್ಷಕ್ಕೆ ಎರಡು ಸಲ ಹಾಕಿಸುವುದು. 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಕಂದು ರೋಗದ ಲಸಿಕೆಯನ್ನು ಒಂದೇ ಸಲ ಹಾಕಿಸುವುದು.

5. ರೋಗದ ಸಂಶಯ ಬಂದರೆ ಬಚ್ಚಿಡದೆ ತಿಳಿಸುವುದು. 1962 ಸಂಖ್ಯೆಗೆ ಕರೆ ಮಾಡಬಹುದು.

ವಿಸ್ತರಣಾ ಕಾರ್ಯಕರ್ತರ ಹೊಣೆಯೂ ಸಣ್ಣದಲ್ಲ. ಓಲೆ ಹಾಕುವ ದಿನ ಒಂದು, ಹೆಸರು ದಾಖಲಿಸುವ ದಿನ ಇನ್ನೊಂದು ಎಂದಾದರೆ ತಪ್ಪುಗಳು ಸೇರುತ್ತವೆ. ಸಂಖ್ಯೆಯನ್ನು ಅಲ್ಲಿಯೇ ಓದಿ ಹೇಳಿ, ರೈತನ ಪುಸ್ತಕದಲ್ಲಿ ಬರೆದುಕೊಟ್ಟು ಬರಬೇಕು. ಕಾಡಿನ ನಡುವಣ ಗೌಳಿ ದೊಡ್ಡಿಗಳಿಗೆ ಮಳೆ ಹಿಡಿಯುವ ಮುಂಚೆಯೇ ಹೋಗಬೇಕು. ಅಲ್ಲಿಯವರು ಎಮ್ಮೆಗಳನ್ನು ಮೇಯಲು ಬಿಡುವುದು ಬೆಳಿಗ್ಗೆ. ಆಮೇಲೆ ಹೋದವನಿಗೆ ಖಾಲಿ ಕೊಟ್ಟಿಗೆ ಸಿಗುತ್ತದೆ.

ಕಿವಿಗೆ ಓಲೆ ಬಿದ್ದರೆ ದನಕ್ಕೆ ಕಂದಾಯ ಬೀಳುತ್ತದೆ, ಹಾಲು ಇಂಗುತ್ತದೆ ಎಂಬ ಮಾತು ಕೆಲವೆಡೆ ಓಡಾಡುತ್ತದೆ. ಓಲೆಗೂ ಕಂದಾಯಕ್ಕೂ ಸಂಬಂಧವಿಲ್ಲ. ಲಸಿಕೆಯ ನಂತರ ಒಂದೆರಡು ದಿನ ಹಾಲು ತುಸು ಇಳಿಯಬಹುದು; ಮತ್ತೆ ಏರುತ್ತದೆ. ಕಾಲುಬಾಯಿ ಬೇನೆ ಬಂದ ಹಸುವಿನ ಹಾಲು ಮಾತ್ರ ಅಷ್ಟು ಸುಲಭವಾಗಿ ಮರಳುವುದಿಲ್ಲ. ಈ ಎರಡನ್ನೂ ತೂಗಿ ನೋಡಿ, ಮುಂದಿನ ಲಸಿಕೆಯ ಸುತ್ತಿಗೆ ಪ್ರತಿ ರೈತನೂ ತನ್ನ ದನಗಳನ್ನು ಕಟ್ಟಿಹಾಕಿಕೊಂಡು ಸಿದ್ಧನಾಗಿರಲಿ.