ಪೇಪರಿನಲ್ಲಿ ಬಂದ ವಿಜ್ಞಾನ, ಜಗುಲಿಯಲ್ಲಿ ಕೂತ ನಾವು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ವಿಜ್ಞಾನ ಮತ್ತು ಗ್ರಾಮೀಣ ಬದುಕು’. ಅಷ್ಟು ದೊಡ್ಡ ವಿಷಯ ನನ್ನ ಕೈಗೆ ಹತ್ತುವುದಿಲ್ಲ. ಅದರಲ್ಲಿ ಒಂದು ಸಣ್ಣ ತುಂಡನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ವಿಜ್ಞಾನದ್ದೋ ಆರೋಗ್ಯದ್ದೋ ಒಂದು ಸುದ್ದಿ ಪೇಪರಿನಲ್ಲಿ, ಟಿವಿಯಲ್ಲಿ, ಈಗ ಮೊಬೈಲಿನಲ್ಲಿ ಬರುತ್ತದೆ. ಆಗ ನಮ್ಮ ಹಟ್ಟಿಯಲ್ಲಿ, ಜಗುಲಿಯಲ್ಲಿ, ಟೀ ಅಂಗಡಿಯಲ್ಲಿ ನಾವು ಏನು ಮಾಡುತ್ತೇವೆ? ಇಷ್ಟೇ ನನ್ನ ಪ್ರಶ್ನೆ.

ಮೊದಲು ಈ ಶಾಲೆಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. 1979ನೇ ಇಸವಿ, ಜುಲೈ ತಿಂಗಳು. ನಾನು ಒಂಬತ್ತನೇ ತರಗತಿ. ಅಮೆರಿಕದವರು ಮೇಲೆ ಬಿಟ್ಟಿದ್ದ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣ ಭೂಮಿಗೆ ಬೀಳುತ್ತದೆ, ಎಲ್ಲಿ ಬೀಳುತ್ತದೋ ಅವರಿಗೇ ಗೊತ್ತಿಲ್ಲ ಎಂದು ರೇಡಿಯೋದಲ್ಲಿ ಬಂತು. ಎಪ್ಪತ್ತು ಟನ್ನಿಗೂ ಹೆಚ್ಚು ತೂಕ. ಊರಿನಲ್ಲಿ ಬೇರೆ ಮಾತೇ ಇಲ್ಲ. ‘ಹೆಂಗೂ ಸಾಯ್ತೀವಿ, ಇರೋದ್ನ ತಿನ್ಕಂಡು ಸಾಯಾನ’ ಎಂದು ಕೋಳಿ ಕೊಯ್ದವರಿದ್ದರು. ಸಾಲ ಕೊಟ್ಟವರು ವಸೂಲಿಗೆ ಓಡಾಡಿದರು, ಸಾಲ ತೆಗೆದುಕೊಂಡವರು ಮಾತ್ರ ನೆಮ್ಮದಿಯಾಗಿದ್ದರು.

ನಾವು ಹುಡುಗರು ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿಯೇಬಿಟ್ಟೆವು: ‘ಸಾರ್, ಅದು ನಮ್ಮೂರ ಮೇಲೆ ಬೀಳುತ್ತಾ?’ ಮೇಷ್ಟ್ರು ನಗಲಿಲ್ಲ, ಗದರಲೂ ಇಲ್ಲ. ಬೀರುವಿನಿಂದ ಭೂಗೋಳದ ಗೋಳ ತರಿಸಿ ಮೇಜಿನ ಮೇಲೆ ಇಟ್ಟರು. ‘ಒಬ್ಬೊಬ್ಬರೇ ಬನ್ನಿ. ಕಣ್ಣು ಮುಚ್ಚಿ. ನಾನು ಗೋಳ ತಿರುಗಿಸುತ್ತೇನೆ. ಬೆರಳಿಟ್ಟು ನಿಲ್ಲಿಸಿ’ ಎಂದರು. ನಾವು ನಲವತ್ತೆರಡು ಜನ. ಬೆರಳು ಎಲ್ಲೆಲ್ಲಿ ನಿಂತಿತು ಎಂದು ಬೋರ್ಡಿನ ಮೇಲೆ ಗೀಟು ಹಾಕುತ್ತಾ ಹೋದರು. ಮೂವತ್ತು ಬೆರಳು ಸಮುದ್ರದಲ್ಲಿ, ಹನ್ನೆರಡು ನೆಲದ ಮೇಲೆ. ಭಾರತದ ಮೇಲೆ ಒಂದೂ ಇಲ್ಲ. ಒಬ್ಬನ ಬೆರಳು ಮಾತ್ರ ಶ್ರೀಲಂಕಾದ ಕೆಳಗಡೆ ನೀರಿನಲ್ಲಿ ನಿಂತಿತು, ಅವನ ಮುಖ ಬಿಳಿಚಿಕೊಂಡಿತ್ತು. ‘ಬೀಳುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬೀಳುವ ಸಾಧ್ಯತೆ ಎಷ್ಟು ಎಂದು ನೀವೇ ಎಣಿಸಿದ್ದೀರಿ. ಮನೆಗೆ ಹೋಗಿ ಹೇಳಿ’ ಎಂದರು.

ನಾನು ಓಡೋಡಿ ಮನೆಗೆ ಹೋದೆ. ಅಷ್ಟರಲ್ಲಿ ನಮ್ಮಜ್ಜಿಯ ಹುಂಜ ಸಾರಾಗಿತ್ತು. ಜುಲೈ 11ರಂದು ಸ್ಕೈಲ್ಯಾಬಿನ ಚೂರುಗಳು ಹಿಂದೂ ಮಹಾಸಾಗರದಲ್ಲಿ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಿದ್ದವು. ಯಾರಿಗೂ ಏನೂ ಆಗಲಿಲ್ಲ. ಆ ಮೇಷ್ಟ್ರು ಈಗ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಹೆಸರು ಹೇಳಿದರೆ ಸಂಕೋಚ ಪಡುತ್ತಾರೆ, ಅದಕ್ಕೇ ಹೇಳುತ್ತಿಲ್ಲ. ನಾನು ಬಿ.ಎಸ್ಸಿ., ಬಿ.ಎಡ್. ಮಾಡಿ ವಿಜ್ಞಾನದ ಮೇಷ್ಟ್ರಾಗಿದ್ದು ಆ ಗೋಳದ ದೆಸೆಯಿಂದ.

ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಲೆಗಳಲ್ಲಿ ಪಾಠ ಮಾಡಿ, ಈಗ ನಿವೃತ್ತನಾಗಿ ಕೆ.ಆರ್. ಪೇಟೆಯ ನಮ್ಮ ಊರಿಗೇ ಬಂದಿದ್ದೇನೆ. ಶ್ರೀರಂಗಪಟ್ಟಣದ ಕಡೆ ಇದ್ದಾಗ, 2020ರ ಫೆಬ್ರವರಿಯಲ್ಲಿ, ಮಂಡ್ಯದ ನೆಲದಲ್ಲಿ ಲಿಥಿಯಂ ಸಿಕ್ಕಿದೆ ಎಂದು ದೊಡ್ಡ ಸುದ್ದಿಯಾಯಿತು. ಮರಳಗಾಲ, ಅಲ್ಲಾಪಟ್ಟಣದ ಸುತ್ತಿನಲ್ಲಿ 14,100 ಟನ್ ಎಂದು ಪೇಪರಿನವರು ಬರೆದರು. ಮೊಬೈಲಿಗೆ, ಎಲೆಕ್ಟ್ರಿಕ್ ಸ್ಕೂಟರಿಗೆ, ಕಾರಿಗೆ ಹಾಕುವ ಬ್ಯಾಟರಿಗೆ ಬೇಕಾದ ಲೋಹ ಅದು. ಮಾರನೆಯ ದಿನವೇ ಟೀ ಅಂಗಡಿಯಲ್ಲಿ ಎಕರೆಗೆ ಇಷ್ಟು ಕೋಟಿ ಎಂಬ ಲೆಕ್ಕ ಶುರು. ನನಗೆ ಗೊತ್ತಿದ್ದ ಒಬ್ಬ ರೈತರು ಮಗಳ ಮದುವೆಗೆಂದು ಮಾರಲು ಮಾತಾಡಿದ್ದ ಅರ್ಧ ಎಕರೆಯನ್ನು ‘ಇನ್ನೊಂದ್ ವರ್ಷ ತಡೆದ್ರೆ ಬಂಗಾರದ ಬೆಲೆ ಬತ್ತದೆ ಮೇಷ್ಟ್ರೇ’ ಎಂದು ತಡೆದರು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮದುವೆಯೂ ನಿಂತಿತು, ಕೊಳ್ಳುವವರೂ ಹೋದರು.

2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಇದ್ದದ್ದು 1,600 ಟನ್. ಅದೂ ಪ್ರಾಥಮಿಕ ಸಮೀಕ್ಷೆಯ ಅಂದಾಜು. ಹಾಗಾದರೆ ಮೊದಲಿನವರು ಸುಳ್ಳು ಹೇಳಿದರೇ? ಹಾಗಲ್ಲ. ನೆಲದ ಮೇಲ್ಭಾಗದಲ್ಲಿ, ಅಲ್ಲಲ್ಲಿ ಮಾದರಿ ತೆಗೆದು, ಇಷ್ಟು ಉದ್ದ, ಇಷ್ಟು ಅಗಲ ಇದೇ ರೀತಿ ಇದ್ದರೆ ಒಟ್ಟು ಇಷ್ಟಾಗಬಹುದು ಎಂದು ಮಾಡಿದ ಲೆಕ್ಕ ಅದು. ನಾವು ಗದ್ದೆಯ ಒಂದು ಮೂಲೆಯ ತೆನೆ ನೋಡಿ ‘ಎಕರೆಗೆ ಇಪ್ಪತ್ತೈದು ಕ್ವಿಂಟಲ್ ಆಗಬಹುದು’ ಎನ್ನುವುದಿಲ್ಲವೇ, ಹಾಗೆ. ಕಣದಲ್ಲಿ ರಾಶಿ ಅಳೆದಾಗಲೇ ನಿಜ ಗೊತ್ತಾಗುವುದು. ಕಲ್ಲಿನಲ್ಲಿ ಲಿಥಿಯಂ ಇರುವುದು ಒಂದು ಮಾತು. ಅದನ್ನು ತೆಗೆದರೆ ಖರ್ಚು ಹುಟ್ಟುತ್ತದೆಯೇ ಎಂಬುದು ಇನ್ನೊಂದು ಮಾತು. ಪೇಪರಿನ ತಲೆಬರಹದಲ್ಲಿ ‘ಅಂದಾಜು’ ಎಂಬ ಪದಕ್ಕೆ ಜಾಗ ಇರಲಿಲ್ಲ. ಆ ಒಂದು ಪದ ಇದ್ದಿದ್ದರೆ ಒಂದು ಮದುವೆ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತೋ ಏನೋ.

ಇಲ್ಲಿಯವರೆಗೆ ಬೇರೆಯವರ ಕಥೆ ಹೇಳಿದೆ. ಈಗ ನನ್ನದು. ಇದನ್ನು ಹೇಳಬೇಕೋ ಬೇಡವೋ ಎಂದು ನಿನ್ನೆ ರಾತ್ರಿಯವರೆಗೂ ಯೋಚಿಸಿದೆ. ನಮ್ಮಣ್ಣನನ್ನೇ ಕೇಳಿದೆ. ‘ಹೇಳ್ಲಾ, ನಾಲ್ಕು ಜನಕ್ಕೆ ಒಳ್ಳೇದಾಯ್ತದೆ’ ಎಂದ.

2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಕೋವಿಡ್ ಲಸಿಕೆ ಶುರುವಾಯಿತು. ಅಣ್ಣನಿಗೆ ಅರವತ್ತೆರಡು. ಒಂದು ಸಂಜೆ ಫೋನ್ ಮಾಡಿದ. ‘ಲಸಿಕೆ ಹಾಕುಸ್ಕಂಡೋರು ಎದೆ ಹಿಡ್ಕಂಡು ಬಿದ್ದೋಯ್ತಾವ್ರಂತಲ್ಲ, ನಿಜವೇನ್ಲಾ ಮೇಷ್ಟ್ರೇ?’ ಎಂದು ಕೇಳಿದ. ನಾನು ಜೋರಾಗಿ ನಕ್ಕೆ. ‘ನಿನಗೆ ಯಾರಣ್ಣ ಇದನ್ನೆಲ್ಲ ಹೇಳೋದು, ವಾಟ್ಸಾಪ್ ಡಾಕ್ಟ್ರಾ?’ ಎಂದೆ. ಪಕ್ಕದಲ್ಲಿದ್ದ ಸಹೋದ್ಯೋಗಿಗಳೂ ನಕ್ಕರು. ಅದು ಅವನಿಗೆ ಕೇಳಿಸಿತು. ‘ಆಯ್ತು ಬುಡು’ ಎಂದು ಫೋನ್ ಇಟ್ಟ. ಆಮೇಲೆ ಆ ವಿಷಯ ನನ್ನ ಹತ್ತಿರ ಎತ್ತಲೇ ಇಲ್ಲ. ಲಸಿಕೆಗೂ ಹೋಗಲಿಲ್ಲ.

ಮೇ ತಿಂಗಳಲ್ಲಿ ಎರಡನೇ ಅಲೆಯಲ್ಲಿ ಅವನಿಗೆ ಕಾಯಿಲೆ ಬಂತು. ಹನ್ನೆರಡು ದಿನ ಆಮ್ಲಜನಕ. ದೇವರ ದಯೆ, ವೈದ್ಯರು ದಾದಿಯರ ಶ್ರಮ, ಬದುಕಿ ಬಂದ. ಆದರೆ ಐವತ್ತು ವರ್ಷ ನೇಗಿಲು ಹಿಡಿದವನಿಗೆ ಈಗ ಮನೆಯಿಂದ ಗದ್ದೆಯ ಬದುವಿಗೆ ಹೋಗಬೇಕಾದರೆ ಎರಡು ಕಡೆ ಕೂರಬೇಕು. ಲಸಿಕೆ ಹಾಕಿಸಿಕೊಂಡಿದ್ದರೆ ಕಾಯಿಲೆ ಬರುತ್ತಲೇ ಇರಲಿಲ್ಲ ಎಂದು ನಾನು ಹೇಳಲಾರೆ. ಇಷ್ಟು ಜೋರಾಗಿ ಬರುವ ಸಾಧ್ಯತೆ ಕಡಿಮೆಯಾಗುತ್ತಿತ್ತು ಎಂದು ಹೇಳಬಲ್ಲೆ. ಒಂದು ದಿನ ಅವನೇ ಅಂದ: ‘ಅವತ್ತು ನೀನು ನಗದೆ ಹೇಳಿದ್ರೆ ಹೋಯ್ತಿದ್ನೋ ಏನೋ ಕಣ್ಲಾ.’ ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ.

ಗೋಳ ತಿರುಗಿಸಿದ ಮೇಷ್ಟ್ರ ಶಿಷ್ಯ ನಾನು. ನಲವತ್ತೆರಡು ಮಕ್ಕಳ ಪ್ರಶ್ನೆಗೆ ಅವರು ನಗಲಿಲ್ಲ. ಒಡಹುಟ್ಟಿದ ಒಬ್ಬ ಅಣ್ಣನ ಪ್ರಶ್ನೆಗೆ ನಾನು ನಕ್ಕೆ. ಸುದ್ದಿ ಕೇಳಿ ಹೆದರುವುದು ತಪ್ಪು ಎಂದು ನಾವು ಓದಿದವರು ಹೇಳುತ್ತೇವೆ. ಹೆದರಿದವನನ್ನು ನೋಡಿ ನಗುವುದು ಅದಕ್ಕಿಂತ ದೊಡ್ಡ ತಪ್ಪು. ಹೆದರಿದವನು ಇನ್ನೂ ಪ್ರಶ್ನೆ ಕೇಳುತ್ತಿರುತ್ತಾನೆ, ನಕ್ಕರೆ ಅದನ್ನೂ ನಿಲ್ಲಿಸುತ್ತಾನೆ.

ಲಸಿಕೆಯ ಭಯ ನಮ್ಮ ಸೀಮೆಗೆ ಹೊಸದಲ್ಲ. ಇನ್ನೂರಿಪ್ಪತ್ತು ವರ್ಷದ ಹಿಂದೆ ಸಿಡುಬಿಗೆ ಲಸಿಕೆ ಬಂದಾಗಲೂ ಜನ ಹಿಂಜರಿದರು. ಹಸುವಿನ ರೋಗದಿಂದ ತೆಗೆದದ್ದನ್ನು ಮೈಗೆ ಹಾಕಿಸಿಕೊಳ್ಳುವುದು ಹೇಗೆ ಎಂಬ ಭಯ. ಟಿಪ್ಪುವಿನ ಪತನದ ನಂತರ, 1799ರಲ್ಲಿ, ಒಡೆಯರ ರಾಜ್ಯ ಮತ್ತೆ ಸ್ಥಾಪನೆಯಾಗಿ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಹೋಗಿತ್ತು. ಆ ಮೈಸೂರು ಅರಮನೆಯ ರಾಣಿಯರನ್ನು ಐರ್ಲೆಂಡಿನ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬರೆದ ಒಂದು ಚಿತ್ರವಿದೆ. ಅದರಲ್ಲಿ ಒಬ್ಬ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಾ ನಿಂತಿದ್ದಾರೆ. ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸುವುದಕ್ಕೇ ಆ ಚಿತ್ರ ಬರೆಸಿದ್ದು ಎಂದು ಇತಿಹಾಸಕಾರರು ಹೇಳುತ್ತಾರೆ. ರಾಣಿ ಪ್ರಜೆಗಳ ಭಯಕ್ಕೆ ನಗಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ತನ್ನ ತೋಳನ್ನೇ ತೋರಿಸಿದರು. ನಾನು ಅಂದು ಊರಿಗೆ ಬಂದು ಅಣ್ಣನನ್ನು ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿದ್ದರೆ ಸಾಕಿತ್ತು.

ಇತ್ತೀಚಿನ ಮಾತಿಗೆ ಬರುತ್ತೇನೆ. 2025ರ ಜೂನ್, ಜುಲೈನಲ್ಲಿ ನಮ್ಮ ಪಕ್ಕದ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸುದ್ದಿ ನಿಮಗೆಲ್ಲ ನೆನಪಿದೆ. ಟಿವಿಯಲ್ಲಿ ದಿನಾ ಸಂಖ್ಯೆ ಏರುತ್ತಿತ್ತು. ಚನ್ನರಾಯಪಟ್ಟಣದ ಕಡೆ ನೆಂಟರಿಲ್ಲದ ಮನೆ ನಮ್ಮ ಕೆ.ಆರ್. ಪೇಟೆ, ನಾಗಮಂಗಲದಲ್ಲಿ ಯಾವುದಿದೆ? ಭಯ ಗಡಿ ದಾಟಿ ಬಂತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲು. ನಮ್ಮೂರಿನಿಂದಲೂ ಹೋದರು.

ಸರ್ಕಾರ ಜಯದೇವದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ನೋಡಿದ 24 ಸಾವುಗಳಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಅಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ, ಬಿ.ಪಿ., ಬೀಡಿ ಸಿಗರೇಟು, ಕುಡಿತ ಇಂಥ ಕಾರಣಗಳಿದ್ದವು. ಹಿಂದಿನ ಕಾಲಕ್ಕೆ ಹೋಲಿಸಿದರೆ ಹಾಸನದಲ್ಲಿ ಹಠಾತ್ತನೆ ಹೆಚ್ಚಳವಾಗಿಲ್ಲ ಎಂದಿತು ವರದಿ. ಲಸಿಕೆಗೂ ಇದಕ್ಕೂ ನಂಟು ಕಾಣಲಿಲ್ಲ ಎಂದೂ ತಜ್ಞರು ಹೇಳಿದರು. 2011ರ ಜನಗಣತಿಯಂತೆ ಹದಿನೇಳು ಲಕ್ಷಕ್ಕೂ ಹೆಚ್ಚು ಜನರಿರುವ ಜಿಲ್ಲೆ ಹಾಸನ. ಅಷ್ಟು ಜನರಿರುವ ಕಡೆ ಹೃದಯದ ಕಾಯಿಲೆಯಿಂದ ಸಾಯುವವರು ಪ್ರತಿ ತಿಂಗಳೂ ಇದ್ದೇ ಇರುತ್ತಾರೆ. ಜೂನ್‌ನಲ್ಲಿ ಟಿವಿಯವರು ಎಣಿಸಲು ಶುರುಮಾಡಿದರು. ಕಳೆದ ವರ್ಷ ಇದೇ ತಿಂಗಳಲ್ಲಿ ಎಷ್ಟು ಎಂದು ಯಾರೂ ಕೇಳಲಿಲ್ಲ.

ಆದರೆ ಒಂದು ಮಾತು. ‘ಹೆಚ್ಚಾಗಿಲ್ಲ’ ಎಂದರೆ ‘ಏನೂ ಇಲ್ಲ’ ಎಂದಲ್ಲ. ಸತ್ತವರ ಮನೆಯವರ ದುಃಖ ಸುಳ್ಳಲ್ಲ. ಮೊದಲಿನಿಂದಲೂ ಇಷ್ಟು ಜನ ಸಾಯುತ್ತಿದ್ದರು, ನಾವು ನೋಡುತ್ತಿರಲಿಲ್ಲ ಎಂಬುದೇ ಆ ವರದಿಯ ಅರ್ಥ. ಆದ್ದರಿಂದ ಆ ಭಯವನ್ನು ಪೂರ್ತಿ ಬಿಸಾಡಬೇಡಿ, ಅದಕ್ಕೆ ಒಂದು ಕೆಲಸ ಕೊಡಿ. ಮೂವತ್ತು ದಾಟಿದವರು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಿ. ಎದೆಯ ನಡುವೆ ಹಿಂಡಿದಂತೆ ನೋವು, ಅದು ಎಡತೋಳಿಗೋ ದವಡೆಗೋ ಹರಿಯುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು, ಇವು ಬಂದರೆ ‘ಗ್ಯಾಸು’ ಎಂದು ಸೋಡಾ ಕುಡಿದು ಮಲಗಬೇಡಿ. ಹೆಂಗಸರಿಗೆ ಕೆಲವು ಸಲ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಇರುತ್ತದೆ. ಮನೆಯವರೆಲ್ಲ ಉಂಡಮೇಲೆ ಹೇಳೋಣ ಎಂದು ತಾಯಂದಿರು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮೈಸೂರಿಗೇ ಹೋಗಬೇಕೆಂದು ದಾರಿಯಲ್ಲಿ ಹೊತ್ತು ಕಳೆಯುವುದಕ್ಕಿಂತ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಆಸ್ಪತ್ರೆಗಳಲ್ಲಿ ಆ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲಿಂದಲೇ ನೋಡುತ್ತಾರೆ. ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಮೊದಲ ಗಂಟೆಯಲ್ಲಿ ಸಿಕ್ಕ ಚಿಕಿತ್ಸೆಗೆ ಆಮೇಲೆ ಸಿಕ್ಕದ್ದು ಸಮ ಅಲ್ಲ.

ಮಕ್ಕಳೇ, ನಿಮಗೆ ಮೂರು ಪ್ರಶ್ನೆ ಕೊಟ್ಟು ಹೋಗುತ್ತೇನೆ. ಪರೀಕ್ಷೆಗಲ್ಲ, ಮನೆಗೆ. ಯಾವುದೇ ಸುದ್ದಿ ಬಂದರೂ ಮೊದಲು ಕೇಳಿ: ಯಾರು ಹೇಳಿದರು? ಎರಡನೆಯದು: ಹೇಗೆ ಎಣಿಸಿದರು? ಮೂರನೆಯದು: ಇದು ನಿಜವಾದರೆ ನಾಳೆ ಬೆಳಿಗ್ಗೆ ನಮ್ಮ ಮನೆಯವರು ಏನು ಮಾಡಬೇಕು? ಮೂರಕ್ಕೂ ಉತ್ತರ ಸಿಗುವವರೆಗೆ ಜಮೀನು ಮಾರಬೇಡಿ, ಮಾರುವುದನ್ನು ನಿಲ್ಲಿಸಲೂ ಬೇಡಿ, ಮೊಬೈಲಿನಲ್ಲಿ ಮುಂದಕ್ಕೆ ಕಳಿಸಬೇಡಿ, ಹುಂಜವನ್ನೂ ಕೊಯ್ಯಬೇಡಿ.

ಗುರುಗಳಿಗೆ, ಹಳೆಯ ವಿದ್ಯಾರ್ಥಿಗಳಿಗೆ ಒಂದು ಬೇಡಿಕೆ. ಈ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆಯುತ್ತಿದೆ. ಆಗಲಿ. ಜೊತೆಗೆ ಶಾಲೆಯ ಗೇಟಿನ ಬಳಿ ಒಂದು ಕರಿಹಲಗೆ ಹಾಕಿಸೋಣ. ಊರಿನವರು ತಮಗೆ ಅನುಮಾನ ಬಂದ ಸುದ್ದಿಯನ್ನು ಅದರ ಮೇಲೆ ಬರೆಯಲಿ, ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸಲಿ. ಒಂದು ವಾರದಲ್ಲಿ ಒಂಬತ್ತನೇ ತರಗತಿಯವರು ಮೇಷ್ಟ್ರನ್ನು, ಆರೋಗ್ಯ ಕೇಂದ್ರದ ವೈದ್ಯರನ್ನು, ಕೃಷಿ ಅಧಿಕಾರಿಗಳನ್ನು ಕೇಳಿ ಉತ್ತರ ಬರೆಯಲಿ. ಗೊತ್ತಾಗದಿದ್ದರೆ ‘ಗೊತ್ತಾಗಲಿಲ್ಲ’ ಎಂದೇ ಬರೆಯಲಿ. ಮೊದಲ ಹಲಗೆಯ ಖರ್ಚು ನನ್ನದು. ಮೊದಲ ಪ್ರಶ್ನೆ ನಮ್ಮಣ್ಣನದು. ಸಭೆಗೆ ಬರಲು ಅವನಿಗೆ ಆಗಲಿಲ್ಲ, ಕೇಳಿ ಕಳಿಸಿದ್ದಾನೆ: ‘ಈ ವಯಸ್ನಲ್ಲಿ ನ್ಯುಮೋನಿಯಾಕ್ಕೆ ಲಸಿಕೆ ಐತಂತಲ್ಲ, ನಂಗೆ ಹಾಕ್ಬೋದಾ?’

ಈ ಸಲ ನಾನು ನಗಲಿಲ್ಲ. ಸೋಮವಾರ ಇಬ್ಬರೂ ಆಸ್ಪತ್ರೆಗೆ ಕೇಳಿಕೊಂಡು ಬರಲು ಹೋಗುತ್ತಿದ್ದೇವೆ.