ಯಂತ್ರದೋಣಿಯ ಹಕ್ಕಳೆಯೂ ಆಮ್ಲದ ಎಚ್ಚರವೂ

(ಶಾಲೆಯ ವಿಜ್ಞಾನಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಕಾಸರಗೋಡಿನ ಕಡಲಂಚಿನಲ್ಲಿ ಯಂತ್ರದೋಣಿಯನ್ನು ನಂಬಿ ಬಾಳುವ ಮನೆಗಳು ಅನೇಕ. ಯಂತ್ರವು ನಡುಗಡಲಿನಲ್ಲಿ ಕಾದು ನಿಂತರೆ ಅಪಾಯ ಬರಿಯ ಯಂತ್ರಕ್ಕಲ್ಲ, ದೋಣಿಯಲ್ಲಿರುವವರಿಗೂ ಉಂಟು. ಆ ಕಾವಿನ ಒಂದು ಕಾರಣವನ್ನೂ, ಅದರ ಪರಿಹಾರದಲ್ಲಿಯೇ ಅಡಗಿರುವ ಕೇಡನ್ನೂ ಈ ದಿನ ವಿಚಾರಿಸೋಣ.

ನೀರು ಕಾಯಿಸುವ ಹಂಡೆಯ ಒಳಮೈಯಲ್ಲಿ ಬಿಳಿಯ ಹಕ್ಕಳೆ ಕಟ್ಟುವುದನ್ನು ನಾವು ಕಂಡಿದ್ದೇವೆ. ಕಡಲ ನೀರಿನಿಂದ ತಂಪಾಗುವ ಯಂತ್ರದ ನಾಳಗಳಲ್ಲಿಯೂ ಹಾಗೆಯೇ. ನೀರು ಬಿಸಿಯಾದಂತೆ ಅದರಲ್ಲಿ ಕರಗಿದ್ದ ಸುಣ್ಣದ ಅಂಶವು ಕ್ಯಾಲ್ಸಿಯಂ ಕಾರ್ಬೊನೇಟಾಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಅದು ನೀರಿನ ದಾರಿಯನ್ನು ಕಿರಿದುಗೊಳಿಸುವುದಲ್ಲದೆ, ಲೋಹದ ಶಾಖವು ನೀರಿಗೆ ಸೇರದಂತೆಯೂ ತಡೆಯುತ್ತದೆ.

ಆಮ್ಲವು ಈ ಹಕ್ಕಳೆಯನ್ನು ಕರಗಿಸಿ, ಇಂಗಾಲದ ಡೈಆಕ್ಸೈಡನ್ನು ಗುಳ್ಳೆಗಳಾಗಿ ಹೊರಡಿಸುತ್ತದೆ. ಆದರೆ ಹಕ್ಕಳೆ ಯಾವುದು, ಲೋಹ ಯಾವುದು ಎಂಬ ವಿವೇಕ ಆಮ್ಲಕ್ಕಿಲ್ಲ. ಆ ವಿವೇಕ ನಮ್ಮಲ್ಲಿರಬೇಕು. ಹೈಡ್ರೊಕ್ಲೋರಿಕ್ ಆಮ್ಲವು ಅಲ್ಯುಮಿನಿಯಂ ಮತ್ತು ಸತುವನ್ನು ಬೇಗನೆ ತಿಂದು, ಹೊತ್ತಿಕೊಳ್ಳುವ ಜಲಜನಕವನ್ನು ಬಿಡುತ್ತದೆ. ಆದಕಾರಣ ತಯಾರಕರ ಕೈಪಿಡಿಯು ಯಾವ ಆಮ್ಲವನ್ನು ಒಪ್ಪುತ್ತದೆಂಬುದನ್ನು ಮೊದಲು ನೋಡತಕ್ಕುದು. ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲದ ಕೆಲಸ ನಿಧಾನವಾದರೂ ಅದರಿಂದ ಅಪಾಯ ಕಡಿಮೆ.

ಯಂತ್ರವನ್ನು ನಿಲ್ಲಿಸಿ, ಪೂರ್ಣವಾಗಿ ತಣಿಯಲು ಬಿಟ್ಟು, ತುಕ್ಕುತಡೆಯ ಸತುವಿನ ಕಡ್ಡಿಯನ್ನು ತೆಗೆದಿರಿಸಬೇಕು. ಕಣ್ಣಿಗೆ ರಕ್ಷಾಕನ್ನಡಕ, ಕೈಗೆ ರಬ್ಬರಿನ ಕೈಗವಸು ಇರಲಿ. ಸ್ಥಳದಲ್ಲಿ ಗಾಳಿಯಾಡುತ್ತಿರಲಿ, ಬೀಡಿ, ಬೆಂಕಿ ದೂರವಿರಲಿ. ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನು ಸುರಿಯಲಾಗದು. ಸುರಿದರೆ ಅದು ಕಾದು ಮುಖಕ್ಕೆ ಸಿಡಿದೀತು. ಬ್ಲೀಚಿಂಗ್ ಪುಡಿ ಅದರೊಡನೆ ಬೆರೆತರೆ ವಿಷವಾದ ಕ್ಲೋರಿನ್ ಏಳುತ್ತದೆ. ಅನಿಲ ಹೊರಬರುವ ದಾರಿಯನ್ನು ಮುಚ್ಚಲೇಬಾರದು. ಕಣ್ಣಿಗೆ ಹನಿ ಬಿದ್ದರೆ 20 ನಿಮಿಷಗಳಾದರೂ ಶುದ್ಧ ನೀರಿನಿಂದ ತೊಳೆದು ವೈದ್ಯರ ಬಳಿಗೆ ಧಾವಿಸಬೇಕು.

ಗುಳ್ಳೆ ನಿಂತಿತೆಂದರೆ ಹಕ್ಕಳೆ ತೀರಿರಬಹುದು, ಇಲ್ಲವೇ ಆಮ್ಲದ ಶಕ್ತಿ ತೀರಿರಬಹುದು. ಹೊರಬಂದ ದ್ರಾವಣದ ಒಂದು ಹನಿಯನ್ನು ಕಪ್ಪೆಚಿಪ್ಪಿನ ಮೇಲೆ ಹಾಕಿ ನೋಡಿರಿ. ಚಿಪ್ಪೂ ಕ್ಯಾಲ್ಸಿಯಂ ಕಾರ್ಬೊನೇಟೇ. ನೊರೆಯೆದ್ದರೆ ಆಮ್ಲದಲ್ಲಿ ಇನ್ನೂ ಶಕ್ತಿಯಿದೆ, ನಾಳದ ಹಕ್ಕಳೆ ಮುಗಿದಿದೆ ಎಂದು ಊಹಿಸಬಹುದು. ಬಳಿಕ ಸಿಹಿನೀರಿನಿಂದ ಚೆನ್ನಾಗಿ ತೊಳೆದು, ಸತುವಿನ ಕಡ್ಡಿಯನ್ನು ಮರಳಿ ಕೂರಿಸಿ, ಎಲ್ಲಿಯಾದರೂ ಸೋರುತ್ತಿದೆಯೇ ಎಂದು ದಡದಲ್ಲಿಯೇ ಪರೀಕ್ಷಿಸಬೇಕು. ಹಕ್ಕಳೆಯೇ ಮುಚ್ಚಿಟ್ಟಿದ್ದ ತೂತು ಈಗ ತೆರೆದುಕೊಂಡಿರಬಹುದು.

ಮಕ್ಕಳೇ, ಈ ಕೆಲಸ ಹಿರಿಯರದು, ನೀವು ಕೈಹಾಕತಕ್ಕುದಲ್ಲ. ಆದರೆ ಸೀಸೆಯ ಮೇಲಿನ ಎಚ್ಚರಿಕೆಯನ್ನು ಮನೆಯವರಿಗೆ ಓದಿ, ತಿಳಿಗನ್ನಡದಲ್ಲಿ ಹೇಳುವ ಕೆಲಸ ನಿಮ್ಮದು. ತರಗತಿಯಲ್ಲಿ ಕಲಿತ ಪಾಠದಿಂದ ಮನೆಯವರ ಒಂದು ಕಣ್ಣು ಉಳಿದರೆ ನಾವು ಕಲಿಸಿದ್ದು ಸಾರ್ಥಕ.